ಪ್ಲಂಬರ್ ಪಾದ್ರಿ

ಕಟ್ಟುತ್ತಿದ್ದ ಆಸ್ಪತ್ರೆಯ ಮೂರನೇ ಮಹಡಿ. ಇನ್ನೂ ಬಾಗಿಲಿಡದ ಕೋಣೆಯಲ್ಲಿ ಪ್ಲಂಬರ್ ಸೀಮೆಸುಣ್ಣದಿಂದ ಗೋಡೆಗೆ ಗೆರೆ ಎಳೆಯುತ್ತಿದ್ದ. ನಲ್ಲಿ ಬರಬೇಕಾದ ಕಡೆಯೇ ಯಾರೋ ಸ್ವಿಚ್ ಬೋರ್ಡಿಗೆಂದು ಪೆನ್ಸಿಲಿನಲ್ಲಿ ಚೌಕ ಬರೆದಿದ್ದರು. ಬರೆದವನು ಹಿಂದೆಯೇ ನಿಂತಿದ್ದ: ಕಿವಿಯ ಮೇಲೆ ಪೆನ್ಸಿಲು, ಜೇಬಿನ ತುಂಬ ವೈರು, ವಯಸ್ಸಿನಲ್ಲಿ ಹತ್ತು ವರ್ಷ ಹಿರಿಯನಾದ ಎಲೆಕ್ಟ್ರಿಷಿಯನ್. ಪ್ಲಂಬರನ ಕೊರಳಿನ ಶಿಲುಬೆ ನೋಡಿ, "ನಿಮ್ಮ ದೇವರು ಇದ್ದಿದ್ರೆ ನೀರನ್ನೂ ಕರೆಂಟನ್ನೂ ಒಂದೇ ಜಾಗಕ್ಕೆ ಕಳಿಸ್ತಿದ್ನೇನಪ್ಪ?" ಎಂದ.

"ದೇವರಲ್ಲ ಅಣ್ಣ, ಇಂಜಿನಿಯರ್ ಕಳಿಸಿದ್ದು."

ಇಬ್ಬರೂ ನಕ್ಕರು. ಚೌಕ ಒಂದು ಮೊಳ ಆಚೆ ಸರಿಯಿತು.

ಅಂದಿನಿಂದ ಮಧ್ಯಾಹ್ನ ಸಿಮೆಂಟ್ ಚೀಲಗಳ ಮೇಲೆ ಕೂತು ಡಬ್ಬಿ ಬಿಚ್ಚಿದರೆ ವಾದವೂ ಬಿಚ್ಚಿಕೊಳ್ಳುತ್ತಿತ್ತು. ಎಲೆಕ್ಟ್ರಿಷಿಯನ್ ಅವನಿಗೆ ಪಾದ್ರಿ ಎಂದೇ ಹೆಸರಿಟ್ಟ. ಕಣ್ಣಿಗೆ ಕಾಣದ ಕರೆಂಟನ್ನು ನಂಬುತ್ತೀಯಲ್ಲ ಎಂದು ಪ್ಲಂಬರ್ ಕೇಳಿದರೆ, "ಮುಟ್ಟಿ ನೋಡು, ನಂಬಿಕೆ ತಾನಾಗೇ ಬರುತ್ತೆ" ಎಂಬ ಉತ್ತರ. ಆದರೂ ಈ ಅಣ್ಣ ಒಮ್ಮೆ ಕೂತು ಸುವಾರ್ತೆ ಕೇಳಲಿ ಎಂಬುದು ಪ್ಲಂಬರನ ದಿನದ ಪ್ರಾರ್ಥನೆಯಾಗಿತ್ತು.

ಒಂದು ದಿನ, ಯೇಸು ಸತ್ತು ಎದ್ದದ್ದಕ್ಕೆ ಏನು ಸಾಕ್ಷಿ ಎಂದು ಎಲೆಕ್ಟ್ರಿಷಿಯನ್ ಪಟ್ಟು ಹಿಡಿದ. ವಾದ ಗೆಲ್ಲುವ ಆತುರದಲ್ಲಿ ಪ್ಲಂಬರ್, ಸಮಾಧಿ ಕಾದ ಸೈನಿಕರ ದಾಖಲೆ ಪುಸ್ತಕವೇ ಸಿಕ್ಕಿದೆ ಎಂದುಬಿಟ್ಟ. ಯಾರೋ ಫೋನಿಗೆ ಕಳಿಸಿದ ಸುದ್ದಿ ಅದು. ಎಲೆಕ್ಟ್ರಿಷಿಯನ್ ಕೈಯ ತುತ್ತು ಇಳಿಸಿ, ಅದು ನಿಜವಾದರೆ ಭಾನುವಾರ ಚರ್ಚಿಗೆ ಬರುತ್ತೇನೆ ಎಂದ.

ಅವನ ಮಗಳು ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದಳು. ಎರಡು ದಿನ ಹುಡುಕಿದಳು. ಅಂಥ ಪುಸ್ತಕವೇ ಇರಲಿಲ್ಲ. "ಚೆನ್ನಾಗಿ ಕಾಗೆ ಹಾರಿಸಿದ್ಯಲ್ಲೋ ಪಾದ್ರಿ," ಎಂದ ಎಲೆಕ್ಟ್ರಿಷಿಯನ್. ಗಾರೆಯವರೆಲ್ಲ ನಕ್ಕರು. ಎಲೆಕ್ಟ್ರಿಷಿಯನ್ ಮಾತ್ರ ನಗಲಿಲ್ಲ, ತನ್ನ ಡಬ್ಬಿ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತ.

ಒಳ್ಳೆಯದಕ್ಕೇ ಹೇಳಿದ್ದಲ್ಲವೇ, ಬಿಟ್ಟುಬಿಡು ಎಂದಳು ಪ್ಲಂಬರನ ಅಕ್ಕ. ಬಿಡಲಾಗಲಿಲ್ಲ. ಪೈಪು ಜೋಡಿಸಿದ ಮೇಲೆ ತುದಿಗಳನ್ನು ಮುಚ್ಚಿ, ಒತ್ತಡದಲ್ಲಿ ನೀರು ತುಂಬಿಸಿ, ಒಂದು ಇಡೀ ದಿನ ಗೇಜಿನ ಮುಳ್ಳು ಕದಲದಿದ್ದರೆ ಮಾತ್ರ ಗೋಡೆಗೆ ಗಾರೆ ಹಾಕಿಸುವವನು ಅವನು. ಆತುರಪಟ್ಟ ಮೇಸ್ತ್ರಿಗಳ ಜೊತೆ ಜಗಳವಾಡಿದ್ದ. ಕಬ್ಬಿಣದ ಪೈಪಿಗೆ ತೋರಿದ ನಿಯತ್ತನ್ನು ಕರ್ತನಾದ ಯೇಸುವಿನ ಮಾತಿಗೆ ತೋರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಸೋಮವಾರ ಊಟದ ಹೊತ್ತಿಗೆ, ನಕ್ಕವರೆಲ್ಲರ ಎದುರಿಗೇ ಎದ್ದು ನಿಂತ.

"ಅಣ್ಣ, ನಾನು ಹೇಳಿದ್ದು ಸುಳ್ಳು. ಪರೀಕ್ಷೆ ಮಾಡದೇನೇ ಹೇಳ್ದೆ, ತಪ್ಪಾಯ್ತು. ಆ ಪುಸ್ತಕದ ಮಾತು ಲೆಕ್ಕದಿಂದ ತೆಗೆದುಬಿಡು. ಉಳಿದದ್ದನ್ನ ನಾನು ಈಗ್ಲೂ ನಂಬ್ತೀನಿ. ಖಾಲಿ ಸಮಾಧಿ ಮೊದ್ಲು ನೋಡಿದ್ದು ಹೆಂಗಸರು ಅಂತ ಬೈಬಲ್ಲಲ್ಲಿ ಬರೆದಿದೆ. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಮ್ಮಿ. ಕಥೆ ಕಟ್ಟೋರಾಗಿದ್ರೆ ಗಂಡಸರನ್ನ ನಿಲ್ಲಿಸ್ತಿದ್ರು."

ಎಲೆಕ್ಟ್ರಿಷಿಯನ್ ಡಬ್ಬಿಯ ಮುಚ್ಚಳ ಹಾಕಿದ. "ಇದಕ್ಕೂ ನನ್ನತ್ರ ಉತ್ತರ ಇದೆ."

"ಹೇಳಣ್ಣ. ಕೇಳ್ತೀನಿ."

"ಇಲ್ಲಿ ಬೇಡ, ಗಲಾಟೆ. ನಿಮ್ಮ ಚರ್ಚಲ್ಲಿ ಎದುರುಮಾತು ಆಡೋಕೆ ಬಿಡ್ತಾರಾ?"

ಭಾನುವಾರದ ಆರಾಧನೆಯ ನಡುವೆ ಅದು ಆಗದ ಮಾತು. ಪ್ಲಂಬರ್ ತನ್ನ ಚರ್ಚಿನ ನಿಜವಾದ ಪಾದ್ರಿಗಳನ್ನು ಮೂರು ಸಲ ಕಾಡಿ, ವಾದಕ್ಕೆ ಕೂರಲು ಚರ್ಚಿನ ಹಿಂದಿನ ಕೋಣೆಯ ಬೀಗದ ಕೈ ಪಡೆದ.

ಎಲೆಕ್ಟ್ರಿಷಿಯನ್ ಇನ್ನೂ ನಂಬಿಲ್ಲ. ಬರುವುದನ್ನು ಬಿಟ್ಟೂ ಇಲ್ಲ. ಪ್ಲಂಬರ್ ಈಗ ಹಗಲು ಪೈಪು ಜೋಡಿಸುತ್ತಾನೆ. ಗುರುವಾರ ಸಂಜೆ ಆ ಕೋಣೆಯಲ್ಲಿ ಅವನಂಥ ನಂಬದವರ ಪ್ರಶ್ನೆಗಳಿಗೆ ಉತ್ತರಿಸುತ್ತಾನೆ. ಗೊತ್ತಿಲ್ಲದ್ದನ್ನು ಬರೆದುಕೊಂಡು ಹೋಗಿ, ಓದಿ, ಮುಂದಿನ ಗುರುವಾರ ಹೇಳುತ್ತಾನೆ.