ಎಪ್ಪತ್ನಾಲ್ಕು ಮನೆಯ ಹೇಳಿಕೆ

ದೋಹಾಕ್ಕೆ ಹೋಗಿ ಇಪ್ಪತ್ತೊಂದು ವರ್ಷವಾದರೂ ಪ್ರೇಮಾನಂದ ಶೆಟ್ಟಿಗೆ ತಾನು ಊರು ಬಿಟ್ಟವನು ಎಂದು ಅನ್ನಿಸಿದ್ದೇ ಇಲ್ಲ. ಯಾರಾದರೂ ಹಾಗೆಂದರೆ ಸಿಟ್ಟೇ ಬರುತ್ತಿತ್ತು. ಹಾಲಾಡಿಯಿಂದ ಅಮಾಸೆಬೈಲಿಗೆ ಹೋಗುವ ದಾರಿಯಲ್ಲಿ ಒಳಗೆ ಸಿಗುವುದು ಅವನ ಊರು. ಅಲ್ಲಿ ಇವತ್ತು ಕರೆಂಟು ಯಾಕೆ ಹೋಗಿದೆ, ಬೆಳಗಿನ ಬಸ್ಸು ಎಲ್ಲಿ ಕೆಟ್ಟು ನಿಂತಿದೆ, ಗ್ರಾಮಸಭೆಯಲ್ಲಿ ಯಾರು ಯಾರಿಗೆ ಜೋರು ಮಾಡಿದರು, ಬಂಗುಡೆಗೆ ಏನು ರೇಟು, ಇಷ್ಟೂ ಊರಿನಲ್ಲಿದ್ದವರಿಗಿಂತ ಮೊದಲು ಅವನಿಗೆ ಗೊತ್ತಿರುತ್ತಿತ್ತು.

ಅವನಿದ್ದದ್ದು ಒಂದು ಸಸ್ಯಾಹಾರಿ ಹೋಟೆಲಿನಲ್ಲಿ. ದೋಸೆ ಹುಯ್ಯುವವನಾಗಿ ಸೇರಿ, ಈಗ ಅಡುಗೆಮನೆಯ ಪೂರ್ತಿ ಉಸ್ತುವಾರಿ ಅವನದೇ. ಬೆಳಿಗ್ಗೆ ಐದಕ್ಕೆ ಕಾವಲಿ ಕಾಯಲು ಇಟ್ಟು ಮೊಬೈಲು ಹಿಡಿದುಕೊಂಡು ಕೂರುವನು. ಊರಿನಲ್ಲಿ ಆಗ ಏಳೂವರೆ. ಪೇಪರಿನ ಮುಖಪುಟ ಅವನಿಗೆ ಬೇಡ. ಮೊದಲು ನೋಡುವುದು ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ಪಟ್ಟಿ, ಯಾವ ಮೇಳದ ಯಕ್ಷಗಾನ ಇವತ್ತು ಯಾವ ಊರಿನಲ್ಲಿ ಎನ್ನುವುದು. ಅದರಲ್ಲಿ ಊರಿಗೆ ಹತ್ತಿರದವನ್ನು ಆರಿಸಿ, ತಾನೇ ಟೈಪು ಮಾಡಿ, ಮುನ್ನೂರ ಹನ್ನೆರಡು ಜನರಿದ್ದ ಊರಿನ ವಾಟ್ಸಾಪ್ ಗುಂಪಿಗೆ ಹಾಕುವನು. ಮೇಳಗಳು ಹೊರಟ ದಿನದಿಂದ ಮಳೆಗಾಲದ ಬಾಗಿಲಿನವರೆಗೂ ಇದು ತಪ್ಪುವಂತಿಲ್ಲ. ಹನ್ನೊಂದು ವರ್ಷದಲ್ಲಿ ಎರಡೇ ದಿನ ತಪ್ಪಿತ್ತು, ಅದೂ ಅಪೆಂಡಿಕ್ಸ್ ಆಪರೇಷನ್ನಿಗೆ.

ಒಮ್ಮೆ ಪಕ್ಕದ ಮನೆಯ ಕಿಟ್ಟಣ್ಣ, ಇವತ್ತು ಯಕ್ಷಗಾನದ ಆಟ ಎಲ್ಲಿ ಎಂದು ಗುಂಪಿನಲ್ಲಿ ಕೇಳಿದ. ನಿಮ್ಮ ಮನೆಯ ಹಿಂದಿನ ಗದ್ದೆಯಲ್ಲಿ ಎಂದು ದೋಹಾದಿಂದ ಉತ್ತರ ಹೋಯಿತು. ಕಿಟ್ಟಣ್ಣ ಹಿತ್ತಲಿಗೆ ಹೋಗಿ ನೋಡಿದರೆ ಕಂಬ ಹುಗಿಯುತ್ತಿದ್ದರಂತೆ. ಈ ಕಥೆಯನ್ನು ಪ್ರೇಮಾನಂದ ಹೋಟೆಲಿಗೆ ಬಂದ ಊರವರಿಗೆಲ್ಲ ಹೇಳಿದ್ದಾನೆ, ಕೆಲವರಿಗೆ ಎರಡೆರಡು ಸಲ.

ಅವನ ಮನೆಯದೇ ಒಂದು ಹರಕೆ ಆಟ ಬಾಕಿ ಇತ್ತು. ಅವನಿಗೆ ವೀಸಾ ಬಂದ ವರ್ಷ ಅಮ್ಮ ಹೇಳಿಕೊಂಡದ್ದು. ದೇವಸ್ಥಾನದ ಮೇಳದ ಹರಕೆಯೆಂದರೆ ಸರದಿ ಉದ್ದ. ಹೆಸರು ಬರೆಸಿಟ್ಟು ಕಾಯಬೇಕು. ಕಾಯುತ್ತ ಕಾಯುತ್ತ ಅಮ್ಮ ತೀರಿಹೋಗಿ ಆರು ವರ್ಷವಾದ ಮೇಲೆ, ಈ ಫೆಬ್ರವರಿಗೆ ಸರದಿ ಬಂತು. ಅಮ್ಮನ ಮಾತು ಉಳಿಯಬೇಕು, ಊರೆಲ್ಲ ಬಂದು ಉಣ್ಣಬೇಕು, ಇದೊಂದೇ ಅವನ ಆಸೆ. ತಿಂಗಳ ಮೊದಲೇ ಅಮ್ಮನ ಫೋಟೋ ಇಟ್ಟು ಚಂದದ ಪೋಸ್ಟರು ಮಾಡಿಸಿ, ಸರ್ವರಿಗೂ ಆದರದ ಸ್ವಾಗತ ಎಂದು ಗುಂಪಿಗೆ ಹಾಕಿದ. ಹೆಬ್ಬೆರಳು, ಹೂವು, ಕೈಮುಗಿದದ್ದು ಎಲ್ಲ ಸೇರಿ ಇನ್ನೂರ ಎಂಬತ್ತು ಬಂದವು. ಆರುನೂರು ಜನಕ್ಕೆ ಊಟ ಎಂದು ಅಡುಗೆಯವರಿಗೆ ಹೇಳಿಯೂ ಆಯಿತು.

ಮಗಳ ಪರೀಕ್ಷೆಯೆಂದು ಹೆಂಡತಿ ದೋಹಾದಲ್ಲೇ ಉಳಿದಳು. ಬಂದಿದ್ದರೂ, ಮುಂಬೈಯಲ್ಲಿ ಹುಟ್ಟಿ ಬೆಳೆದ ಅವಳಿಗೆ ಊರಿನ ಕ್ರಮ ಅಷ್ಟಕ್ಕಷ್ಟೇ. ಪ್ರೇಮಾನಂದ ಒಬ್ಬನೇ ಬಂದಿಳಿದ. ಮನೆಯ ಬೀಗದ ಕೈ ಇದ್ದದ್ದು ಕಿಟ್ಟಣ್ಣನ ಹತ್ತಿರ. ಗದ್ದೆ ಹಸನು ಮಾಡಿಸಿ, ಚಪ್ಪರ ಹಾಕಿಸಿ, ನೀರಿನ ಪೈಪು ಎಳೆಸಿ, ಒಂದು ವಾರ ಕಿಟ್ಟಣ್ಣ ಅಲ್ಲೇ ಓಡಾಡಿದ. ಮಧ್ಯಾಹ್ನವಾದರೆ ಮಾತ್ರ, ಮನೆಯಲ್ಲಿ ಗಂಜಿ ಇದೆ ಎಂದು ಹೊರಟುಬಿಡುತ್ತಿದ್ದ. ಪ್ರೇಮಾನಂದ ಅದನ್ನು ಸಂಕೋಚ ಎಂದುಕೊಂಡ.

ಆಟಕ್ಕೆ ಮೂರು ದಿನವಿರುವಾಗ ಬ್ರಹ್ಮಾವರದಿಂದ ಅಕ್ಕ ಗಿರಿಜಾ ಬಂದಳು. ಚೀಲ ಇಳಿಸಿ, ಕಾಲು ತೊಳೆದು, ಜಗಲಿಯಲ್ಲಿ ಕೂತವಳು ಕೇಳಿದ ಮೊದಲ ಪ್ರಶ್ನೆ ಇದೇ:

"ಊರಿಗೆ ಹೇಳಿಕಿ ಆಯ್ತಾ ತಮ್ಮ?"

"ತಿಂಗ್ಳ್ ಹಿಂದೇ ಗ್ರೂಪಿಗ್ ಹಾಕಿದ್ದೆ ಅಕ್ಕ. ಎಲ್ರೂ ಕಂಡಿರ್."

"ಕಂಡದ್ ಸೈ. ಬನಿ ಅಂದ್ ಯಾರಿಗ್ ಹೇಳಿದ್ದೆ?"

ಅವನು ಬೆರಳು ಮಡಚಿ ಎಣಿಸಲು ಹೋಗಿ ಕೈಬಿಟ್ಟ. ಗಿರಿಜಾ ತಲೆಯ ಮೇಲೆ ಕೈ ಇಟ್ಟುಕೊಂಡಳು. ಮನೆಯ ಯಜಮಾನ ಪ್ರತಿ ಮನೆಯ ಜಗಲಿಗೆ ಹೋಗಿ, ಅವರು ಕೊಟ್ಟ ಬೆಲ್ಲ ನೀರು ಕುಡಿದು, ಇಂಥ ದಿನ ನಮ್ಮಲ್ಲಿ ಇಂಥದ್ದು, ಮನೆಯವರೆಲ್ಲ ಬರಬೇಕು ಎಂದು ಬಾಯಲ್ಲಿ ಹೇಳುವುದು ಹೇಳಿಕೆ. ಕಾಗದ ಕೊಟ್ಟರೂ, ಬಿಟ್ಟರೂ ಬಾಯಿಮಾತು ಆಗಲೇಬೇಕು. ಅವಳು ಅಷ್ಟೆಲ್ಲ ವಿವರಿಸಲಿಲ್ಲ, ಅವನಿಗೆ ಗೊತ್ತಿಲ್ಲದ್ದೂ ಅಲ್ಲ. ಸಣ್ಣವನಿರುವಾಗ ಅಪ್ಪನ ಹಿಂದೆ ಹೇಳಿಕೆಗೆ ಹೋದವನೇ ಅವನು.

"ಸುದ್ದಿ ತಿಳ್ದವ್ರ್ ಆಟ ಕಾಂಬುಕೆ ಬತ್ರ್. ಗದ್ದಿಯಂಗೆ ಕೂಕಂಡ್ ಕಾಂತ್ರ್, ಎದ್ದ್ ಹೋತ್ರ್. ಊಟಕ್ ಒಂದ್ ಹುಳು ಬತ್ತಿಲ್ಲ," ಎಂದಳು ಗಿರಿಜಾ. "ಕಿಟ್ಟಣ್ಣನೇ ಉಂಬುಕ್ ಕೂತ್ಕಣ್ಲಿಲ್ಲ. ನಿಂಗ್ ಅಂದಾಜಾಯ್ಲಿಲ್ಯಾ?"

ಆರುನೂರು ಜನರ ಅನ್ನ ಎದುರಿಗಿಟ್ಟುಕೊಂಡು ತಾನು ಮತ್ತು ಅಕ್ಕ ಇಬ್ಬರೇ ಕೂತ ಚಿತ್ರ ಪ್ರೇಮಾನಂದನ ಕಣ್ಣಿಗೆ ಕಟ್ಟಿತು. ಅಮ್ಮನ ಹರಕೆಗೆ ಊರು ಉಣ್ಣದೆ ಹೋದರೆ ತಾನು ಈ ಊರಿನವನು ಹೇಗಾದೇನು ಎಂದು ನಿಜಕ್ಕೂ ಹೆದರಿದ. ತಕ್ಷಣ ಫೋನು ಕೈಗೆತ್ತಿಕೊಂಡ. ಗಿರಿಜಾ ಅದನ್ನು ಕಸಿದು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಳು.

ಮೊದಲು ಹೋದದ್ದು ಕಿಟ್ಟಣ್ಣನ ಮನೆಗೆ. ಅರ್ಧ ಗಂಟೆಯ ಹಿಂದೆ ಇವನ ಚಪ್ಪರದ ಕಂಬ ಹಿಡಿದು ನಿಂತಿದ್ದವನು ಕಿಟ್ಟಣ್ಣ. ಅಂಗಳದಲ್ಲಿ ಪ್ರೇಮಾನಂದ ಬರುವುದನ್ನು ಕಂಡವನೇ ಒಳಗೆ ಹೋಗಿ ಶಾಲು ಹೊದ್ದು ಬಂದ. ಬೆಂಚು ಒರೆಸಿದ, ಕೂರಿಸಿದ, ಬೆಲ್ಲ ನೀರು ತರಿಸಿದ, ಯಾವಾಗ ಬಂದದ್ದು, ಮನೆಯಲ್ಲಿ ಸೌಖ್ಯವಾ ಎಂದು ಹೊಸಬನನ್ನು ಕೇಳುವಂತೆ ಕೇಳಿದ. ಪ್ರೇಮಾನಂದ ತಡವರಿಸುತ್ತಲೇ ಹೇಳಿ ಮುಗಿಸಿದ. ಮನೆಯವರೆಲ್ಲ ಬರುತ್ತೇವೆ ಎಂದು ಕಿಟ್ಟಣ್ಣ ಗಂಭೀರವಾಗಿ ಒಪ್ಪಿದ. ಆಮೇಲೆ ಶಾಲು ತೆಗೆದಿಟ್ಟು, ದಾರಿ ತೋರಿಸಲು ತಾನೇ ಮುಂದೆ ಹೊರಟ.

ದಾರಿ ತೋರಿಸುವವರು ಬೇಕೇ ಇತ್ತು. ಯಾರ ಮನೆಯ ಬೋರ್‌ವೆಲ್ಲಿಗೆ ನೀರು ಬಂದಿದೆ, ಯಾರ ಮಗಳಿಗೆ ಪಿಯುಸಿಯಲ್ಲಿ ಎಷ್ಟು ಅಂಕ ಎನ್ನುವುದು ಪ್ರೇಮಾನಂದನ ಬಾಯಿಪಾಠ. ಆ ಮನೆಗೆ ಎಡಕ್ಕೆ ತಿರುಗಬೇಕೋ ಬಲಕ್ಕೋ ಗೊತ್ತಿಲ್ಲ. ಹಳೆಯ ಕಾಲುದಾರಿಗಳಿಗೆ ಬೇಲಿ ಬಿದ್ದಿತ್ತು, ತೋಡಿನ ನೀರು ದಾಟಲು ಸಿಮೆಂಟಿನ ಸಂಕ ಬಂದಿತ್ತು. ಗುಂಪಿನಲ್ಲಿ ದಿನವೂ ಶುಭೋದಯ ಹಾಕುವವನು ಎದುರಿಗೆ ಬಂದು ನಿಂತಾಗ ಕಿಟ್ಟಣ್ಣ ಹೆಸರು ಹೇಳಬೇಕಾಯಿತು. ಎಪ್ಪತ್ನಾಲ್ಕು ಮನೆ, ಎರಡು ದಿನ. ಎಲ್ಲೂ ಬೆಲ್ಲ ನೀರು ಬಿಡುವಂತಿಲ್ಲ, ಹೊಟ್ಟೆಯೆಲ್ಲ ಕುಲುಕುತ್ತಿತ್ತು.

ಎರಡನೇ ದಿನ ಮಧ್ಯಾಹ್ನ ವನಜಕ್ಕನ ಮನೆ. ಅವಳ ಗಂಡ ತೀರಿಹೋಗಿ ಎರಡು ವರ್ಷ. ಸುದ್ದಿ ಬಂದ ನಿಮಿಷದಲ್ಲೇ ಗುಂಪಿನಲ್ಲಿ ಓಂ ಶಾಂತಿ ಎಂದು ಮೊದಲು ಬರೆದವನು ತಾನೇ ಎನ್ನುವುದು ಪ್ರೇಮಾನಂದನಿಗೆ ನೆನಪಿತ್ತು. ಆ ಸಂಗತಿಯನ್ನು ಅವಳೇ ಎತ್ತಿದಳು. ದನಿಯಲ್ಲಿ ಕೋಪವಿರಲಿಲ್ಲ.

"ಎಲ್ರಿಗಿಂತ ಮೊದ್ಲ್ ನೀನೇ ಹಾಕದ್ದಂಬ್ರ್, ರೋಹನ್ ತೋರ್ಸಿದ," ಎಂದಳು. ರೋಹನ್ ಅವಳ ಮಗ. "ನೀನ್ ಫೋನ್ ಮಾಡ್ತೆ ಅಂದ್ ನಾನ್ ಗ್ರೇಸಿದ್ದೆ ಪ್ರೇಮ. ಹನ್ನೆರ್ಡ್ ದಿನ ಕಾದಿದ್ದೆ."

ಅವನು ತಲೆತಗ್ಗಿಸಿದ. ವನಜಕ್ಕನ ಗಂಡ ಎಂದರೆ, ಶಾಲೆಯಿಂದ ಬರುವಾಗ ಇವನನ್ನು ಹೆಗಲ ಮೇಲೆ ಕೂರಿಸಿ ತೋಡು ದಾಟಿಸಿದ ಮನುಷ್ಯ. ನಾಚಿಕೆಯಾಯಿತು, ಕಣ್ಣೂ ಒದ್ದೆಯಾಯಿತು. ತಪ್ಪಾಯಿತು ವನಜಕ್ಕ ಎಂದ. ಅವಳು ಬೆಲ್ಲದ ತಟ್ಟೆಯನ್ನು ಹತ್ತಿರ ಸರಿಸಿ, ಯಾವತ್ತು ಆಟ, ಊಟ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಎಲ್ಲ ಗೊತ್ತಿದ್ದೂ ಕೇಳಿದಳು. ಅವನು ಮೊದಲಿನಿಂದ ಪೂರ್ತಿ ಹೇಳಿದ.

ಆಟ ಚೆನ್ನಾಗಿಯೇ ಆಯಿತು. ಎಪ್ಪತ್ತೊಂದು ಮನೆಯವರು ಬಂದು ಉಂಡರು. ಉಳಿದ ಮೂರು ಮನೆಗೆ ಸೂತಕವಿತ್ತು. ಮೊದಲ ಪಂಕ್ತಿಯಲ್ಲಿ ಕೂತ ಕಿಟ್ಟಣ್ಣ ಪಾಯಸಕ್ಕೆ ಮೂರು ಸಲ ಎಲೆ ತೋರಿಸಿದ. ವನಜಕ್ಕ ಹೊರಡುವಾಗ ಗಿರಿಜಾಳ ಕೈ ಹಿಡಿದು, ನಿಮ್ಮಮ್ಮ ಇರಬೇಕಿತ್ತು ಎಂದಳು.

ಪ್ರೇಮಾನಂದ ದೋಹಾಕ್ಕೆ ಮರಳಿದ. ಬೆಳಗಿನ ಪಟ್ಟಿ ನಿಲ್ಲಲಿಲ್ಲ, ನಿಲ್ಲಿಸಲು ಊರವರು ಬಿಡಬೇಕಲ್ಲ. ಸಾವಿನ ಸುದ್ದಿ ಬಂದರೆ ಮಾತ್ರ ಈಗ ಗುಂಪಿನಲ್ಲಿ ಏನೂ ಬರೆಯುವುದಿಲ್ಲ, ಆ ಮನೆಗೆ ಫೋನು ಮಾಡುತ್ತಾನೆ. ಏನು ಮಾತಾಡುವುದೆಂದು ತಿಳಿಯದೆ ಹೆಚ್ಚಿನ ಸಲ ಸುಮ್ಮನೆ ಹೂಂಗುಟ್ಟುತ್ತಾನೆ.

ಏಪ್ರಿಲಿನಲ್ಲಿ ವನಜಕ್ಕನ ಮಗಳು ನವ್ಯಶ್ರೀಯ ಮದುವೆಯ ಕಾಗದವನ್ನು ರೋಹನ್ ಗುಂಪಿಗೆ ಹಾಕಿದ. ಪ್ರೇಮಾನಂದ ಶುಭಾಶಯ ಬರೆದು, ಪಲ್ಯಕ್ಕೆ ಒಗ್ಗರಣೆ ಹಾಕಲು ಹೋದ. ಎರಡು ದಿನ ಕಳೆದು, ಹೋಟೆಲಿನಲ್ಲಿ ಬೆಳಗಿನ ನೂಕುನುಗ್ಗಲಿರುವಾಗ ಫೋನು ಬಂತು. ವನಜಕ್ಕ. ಅವನ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿ ಆಮೇಲೆ ವಿಷಯಕ್ಕೆ ಬಂದಳು.

"ಹದ್ನೆಂಟಕ್ಕೆ ನಮ್ ನವ್ಯನ್ ಮದಿ. ಮನಿಯವ್ರೆಲ್ಲ ಬರ್ಕ್ ಪ್ರೇಮ. ನಿಂಗೆ ಬಪ್ಪುಕಾತ್ತಿಲ್ಲ ಅಂದ್ ಗೊತ್ತಿತ್ತ್. ಆದ್ರೂ ಹೇಳ್ಕಲ್ದಾ."

ಇಪ್ಪತ್ತೊಂದು ವರ್ಷದಲ್ಲಿ ಊರಿನಿಂದ ಅವನಿಗೆ ಯಾರೂ ಹೇಳಿಕೆ ಹೇಳಿರಲಿಲ್ಲ. ದೂರದಲ್ಲಿರುವವನಿಗೆ ಹೇಳುವುದೇನು ಎಂದು ಅವರು, ಗುಂಪಿನಲ್ಲಿ ನೋಡಿದೆನಲ್ಲ ಎಂದು ಇವನು. ಹೇಳಿಕೆಗೆ ಕೊಡುವ ಉತ್ತರ ಒಂದೇ, ಅದನ್ನೇ ಕೊಟ್ಟ. "ಬತ್ತೊ ವನಜಕ್ಕ," ಎಂದ. ಕಾವಲಿಯ ಮೇಲೆ ನಾಲ್ಕು ದೋಸೆ ಕರಕಲಾಗಿದ್ದವು.

ಹೇಳಿಕೆ ಬಂದ ಮೇಲೆ ಮನೆಯಿಂದ ಒಬ್ಬರಾದರೂ ಹೋಗಲೇಬೇಕು. ಅವನು ಉರಿ ಸಣ್ಣ ಮಾಡಿ ಬ್ರಹ್ಮಾವರಕ್ಕೆ ಫೋನು ಮಾಡಿದ.

"ಅಕ್ಕ, ಹದ್ನೆಂಟಕ್ಕೆ ಊರಿಗೆ ಹೋಯ್ಕ್ ನೀನ್," ಎಂದ. "ನಮ್ ಮನಿಗೆ ಹೇಳಿಕಿ ಬಂದಿತ್ತ್."