ಬಿಗಿಯಾದ ಕಾಲುಂಗುರ

“ಕಾಲುಂಗುರ ಬಿಗಿಯಾಗೇತಿ, ದೊಡ್ಡದು ಮಾಡಿಸಾಕ ಹೊಂಟೇವ್ರಿ,” ಎಂದು ನಮ್ಮ ಅತ್ತೆ ದಾರಿಯಲ್ಲಿ ನಿಂತು ಹೇಳಿದ್ದೇ ತಡ, ಘಟಪ್ರಭಾದ ಔಷಧ ಅಂಗಡಿಯ ಅಣ್ಣ ಕೌಂಟರಿನಿಂದ ಬಗ್ಗಿ ನೋಡಿದರು.

“ಆಯಿ, ಉಂಗುರದ್ದೇನ ತಪ್ಪಿಲ್ರಿ, ನಿಮ್ಮ ಕಾಲ ಬಾತಾವ! ಹೃದಯದ ಡಾಕ್ಟರ್ ಬರದುಕೊಟ್ಟ, ಮೈಯಾಗಿನ ನೀರ ಇಳಿಸೋ ಗುಳಿಗಿ ಬಿಟ್ಟೀರೇನು?”

ಅತ್ತೆ ನಾಚಿ ನಕ್ಕರು. “ಶ್ರಾವಣ ಐತ್ರಿ, ದಿನಾ ಗುಡಿಗೆ ಹೋಗ್ತೇನಿ. ಅದನ್ನ ನುಂಗಿ, ಪೂಜಿ ನಡುವ ಒಂದಕ್ಕಂತ ಎದ್ದೆದ್ದು ಹೊರಗ ಓಡಲೇನು?”

ಅಣ್ಣ ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿದರು. ವೈದ್ಯರು ಅಂದೇ ಪರೀಕ್ಷಿಸಿ, ಇನ್ನು ತಡಮಾಡಿದ್ದರೆ ಉಸಿರಿಗೇ ಕುತ್ತಾಗುತ್ತಿತ್ತು ಎಂದರು. ಗುಳಿಗೆಯನ್ನು ಗುಡಿಯಿಂದ ಬಂದ ಮೇಲೆ ನುಂಗಲು ಹೇಳಿದರು.

ಅಕ್ಕಸಾಲಿಗರ ಕಡೆ ಹೋಗುವ ಮೊದಲೇ ಬಾವು ಇಳಿದು ಉಂಗುರ ತಾನಾಗಿ ಸಡಿಲಾಯಿತು. ಈಗ ಮಂಗಳಾರತಿಯಾದೊಡನೆ ಅತ್ತೆ ಮನೆಗೆ ಬಂದು ಗುಳಿಗೆಗೆ ಕೈಯೊಡ್ಡುತ್ತಾರೆ. ನಾನು ದೇವರಿಗೆ ಹೂ ಏರಿಸುವಾಗ ಆ ಅಣ್ಣನ ಹೆಸರಿನಲ್ಲೂ ಒಂದು ಏರಿಸುತ್ತೇನೆ.