ಸುಣ್ಣ ಬಳಿಯದ ಹಿಂಬದಿ

ಮೊನ್ನೆ ರಾಬರ್ಟ್‌ಸನ್‌ಪೇಟೆಯಲ್ಲಿ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಹಬ್ಬದ ವಾಸನೆ ಇರಬಹುದು. ನನಗೆ ಮಾತ್ರ, ಇಲ್ಲೇನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ. ಈ ಅನುಮಾನದ ಬುದ್ಧಿ ಹತ್ತಿಸಿದವರು ಚಾಂಪಿಯನ್ ರೀಫ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ತಾತ.

ತಾತ ಸುಣ್ಣ ಬಳಿಯುವವರು. ಅವಸರದಲ್ಲಿ ಕರೆದವರೆಲ್ಲ ಮುಂದಿನ ಗೋಡೆಗಷ್ಟೇ ಬಳಿಸುತ್ತಿದ್ದರಂತೆ.

ಆಗ ನನ್ನ ತಂಗಿಗೆ ಹದಿನಾರು. ಮಾತು ಬಿಟ್ಟಳು, ಊಟ ಬಿಟ್ಟಳು. ಬಂಗಾರಪೇಟೆ ಕಡೆ, ಮಕ್ಕಳನ್ನು ಅಲ್ಲೇ ಇರಿಸಿಕೊಳ್ಳುವ ಒಂದು ಮಾನಸಿಕ ಚಿಕಿತ್ಸಾ ಕೇಂದ್ರಕ್ಕೆ ಸೇರಿಸಿದೆವು. ಸರ್ಕಾರದ ಪರವಾನಗಿಗೆ ಗಾಜು ಹಾಕಿಸಿ ಬಾಗಿಲ ಬಳಿಯೇ ನೇತುಹಾಕಿದ್ದರು. ಅಪ್ಪ ಅದನ್ನು ನಂಬಿದರು.

ನೋಡಲು ಹೋದ ದಿನ ತಾತನೂ ಜೊತೆಗೆ ಬಂದರು. ಅವತ್ತೇ ಅಧಿಕಾರಿಗಳ ತಪಾಸಣೆ. ಇಸ್ತ್ರಿ ಬಟ್ಟೆ ತೊಟ್ಟು ಕೂತಿದ್ದ ತಂಗಿ "ಚೆನ್ನಾಗಿದೀನಿ" ಅಂದಳು, ನನ್ನನ್ನು ನೋಡದೆ, ಮೇಲ್ವಿಚಾರಕಿಯ ಮುಖ ನೋಡಿಕೊಂಡು...

ತಾತ ಗೋಡೆ ಮುಟ್ಟಿ ಬೆರಳು ನೋಡಿಕೊಂಡರು. ಸುಣ್ಣ ಇನ್ನೂ ಹಸಿ. ಬೀಡಿ ಸೇದುವ ನೆಪದಲ್ಲಿ ಕಟ್ಟಡದ ಹಿಂದಕ್ಕೆ ಹೋದವರು ಕಾಲೆಲ್ಲ ಕೆಸರು ಮಾಡಿಕೊಂಡು ಬಂದರು.

"ಇಂದ್ಗಡೆ ಇನ್ನೊಂದು ರೂಮೈತೆ ಕಣ್ಲಾ. ಚಿಲ್ಕ ಈಚೆಯಿಂದ ಆಕವ್ರೆ. ಒಳಗೆ ಮಕ್ಳವ್ರೆ."

ನಾನು ಬಾಯಿ ತೆರೆಯುವಷ್ಟರಲ್ಲಿ ತಾತ, ಜೀಪು ಹತ್ತಲು ಹೊರಟಿದ್ದ ಅಧಿಕಾರಿಗೆ ಅಡ್ಡ ನಿಂತಿದ್ದರು.

"ಸಾಮಿ, ಇಂದ್ಗಡೆ ನೋಡುದ್ರಾ?"

"ಎಲ್ಲಾ ನೋಡಿದೀವಿ, ಹೋಗಿ ತಾತ."

"ನಿಮ್ ಬೂಟ್ಗೆ ಕೆಸ್ರೇ ಅಂಟಿಲ್ವಲ್ಲ ಸಾಮಿ!"

ಅಧಿಕಾರಿ ಬೂಟು ನೋಡಿಕೊಂಡರು. ಆಮೇಲೆ ಜೀಪು ಹತ್ತಿದರು. ನನಗೆ ಮೈ ಉರಿದುಹೋಯಿತು.

ತಂಗಿಯನ್ನು ಅವತ್ತೇ ಮನೆಗೆ ಕರೆತಂದೆವು. ಮನೆ ಹತ್ತಿರ ಬಂದಾಗ ಅವಳು, "ಆ ಮಕ್ಳು ಇನ್ನೂ ಅಲ್ಲೇ ಅವ್ರಲ್ಲ ತಾತ" ಅಂದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರ ಹತ್ತಿರ ತೋರಿಸುತ್ತಾ, ಮನೆಯಲ್ಲಿದ್ದುಕೊಂಡೇ ಅವಳು ನಿಧಾನವಾಗಿ ಹುಷಾರಾದಳು. ತಾತ ಮಾತ್ರ ಕಾಲಲ್ಲಿ ಶಕ್ತಿ ಇರುವವರೆಗೂ ಆ ರೂಮಿಗಾಗಿ ಕಚೇರಿ ಕಚೇರಿ ಅಲೆದರು. ಆ ಬಾಗಿಲು ತೆರೆಯಿತೋ ಇಲ್ಲವೋ, ಅವರು ತೀರಿಕೊಳ್ಳುವವರೆಗೂ ಯಾರೂ ಹೇಳಲಿಲ್ಲ.

ಮೊನ್ನೆಯ ವಾಸನೆ ಬಂದದ್ದು ಅಂಥದ್ದೇ ಒಂದು ಹೊಸ ಕೇಂದ್ರದಿಂದ. "ನಾಳೆ ಅಧಿಕಾರಿಗಳು ಬರ್ತಾರೆ" ಎಂದ ಗೇಟಿನ ಕಾವಲುಗಾರ. ತಾತ ಇದ್ದಿದ್ದರೆ... ಎಂದುಕೊಳ್ಳುತ್ತಾ ಬೈಕ್ ತಿರುಗಿಸಿದೆ. ಅವರಿಲ್ಲದ ಸಂಕಟ ಅಷ್ಟು ಜೋರಾಗಿ ಹಿಂದೆಂದೂ ಆಗಿರಲಿಲ್ಲ.

ಹಿಂದೆ ಕೂತಿದ್ದ ತಂಗಿ ನನ್ನ ಭುಜ ಹಿಡಿದಳು.

"ನಿಲ್ಸಣ್ಣ. ಇಂದ್ಗಡೆ ನೋಡ್ಕಂಡ್ ಬತ್ತೀನಿ."

ಚಪ್ಪಲಿ ನನ್ನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಅವಳು ಕೆಸರಿಗೆ ಇಳಿದಳು.